ಮದರ್ ಜೋನ್ಸ್ (1837–1930): ಗಣಿ ಕಾರ್ಮಿಕರು ‘ಅಮ್ಮ’ ಎಂದು ಕರೆದ ಕಥೋಲಿಕ ಮಹಿಳೆ

ಪ್ರತಿ ವರ್ಷ ಮೇ 1ರಂದು ಧರ್ಮಸಭೆ ಕಾರ್ಮಿಕರಾದ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತದೆ. 1955ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್ ಅವರು ಈ ಹಬ್ಬವನ್ನು ಸ್ಥಾಪಿಸಿದರು. ಅದಕ್ಕಿಂತ ಎಷ್ಟೋ ಮೊದಲೇ, ಮೇ 1 ತನ್ನ ಹುಟ್ಟುಹಬ್ಬ ಎಂದು ಹೇಳಿಕೊಂಡು ಅಮೆರಿಕದ ಗಣಿ ಊರುಗಳಲ್ಲಿ ಸುತ್ತಾಡಿದ ಒಬ್ಬ ಕಥೋಲಿಕ ಮಹಿಳೆಯಿದ್ದರು. ಮೇರಿ ಹ್ಯಾರಿಸ್ ಜೋನ್ಸ್ ಎಂಬುದು ಅವರ ಹೆಸರು. ಲೋಕ ಅವರನ್ನು ‘ಮದರ್ ಜೋನ್ಸ್’ ಎಂದೇ ತಿಳಿದಿದೆ. ಗಣಿ ಮಾಲೀಕರು ಅವರಿಗೆ ಹೆದರಿದರು. ಗಣಿ ಕಾರ್ಮಿಕರು ಅವರನ್ನು ಅಮ್ಮ ಎಂದು ಕರೆದರು.

ಮದರ್ ಜೋನ್ಸ್ ಸಂತರ ಪಟ್ಟಿಗೆ ಸೇರಿದವರಲ್ಲ. ಅವರ ಮಾತು ಒರಟು, ಸಿಟ್ಟು ಹೆಚ್ಚು. ಗುರುಗಳನ್ನೂ ಧರ್ಮಭಗಿನಿಯರನ್ನೂ ಅವರು ಕಟುವಾಗಿ ಟೀಕಿಸಿದ್ದುಂಟು. ಆದರೂ ಧರ್ಮಸಭೆಯ ಸಾಮಾಜಿಕ ಬೋಧನೆಯನ್ನು ಅರಿಯಬಯಸುವವರು ಅವರ ಬದುಕನ್ನು ಬಿಟ್ಟು ಮುಂದೆ ಹೋಗುವಂತಿಲ್ಲ ಎಂದು ನಮಗನಿಸುತ್ತದೆ. ಕೂಲಿಕಾರರು ಕಷ್ಟದಲ್ಲಿರುವಾಗ ಧರ್ಮಸಭೆಯ ಬಾಗಿಲು ಯಾರಿಗೆ ತೆರೆಯುತ್ತದೆ ಎಂಬ ಪ್ರಶ್ನೆ ಅವರ ಜೀವನದುದ್ದಕ್ಕೂ ಮತ್ತೆ ಮತ್ತೆ ಎದುರಾಗುತ್ತದೆ.

ಬಾಲ್ಯ: ಐರ್ಲೆಂಡಿನಿಂದ ಕೆನಡಾಕ್ಕೆ

ಮೇರಿ ಹ್ಯಾರಿಸ್ ಐರ್ಲೆಂಡಿನ ಕಾರ್ಕ್ ನಗರದವರು. ತಂದೆ ರಿಚರ್ಡ್ ಹ್ಯಾರಿಸ್, ತಾಯಿ ಎಲೆನ್ ಕಾಟರ್. 1837ರ ಆಗಸ್ಟ್ 1ರಂದು ಕಾರ್ಕ್‌ನ ಸಂತ ಮೇರಿ ಪ್ರಧಾನಾಲಯದಲ್ಲಿ ಅವರಿಗೆ ಸ್ನಾನದೀಕ್ಷೆ ನೀಡಿದ ದಾಖಲೆಯಿದೆ. ತಾನು 1830ರ ಮೇ 1ರಂದು ಹುಟ್ಟಿದವಳು ಎಂದು ಅವರೇ ಮುಂದೆ ಹೇಳಿಕೊಂಡರು. ಆದರೆ ಇತಿಹಾಸಕಾರರು ಸ್ನಾನದೀಕ್ಷೆಯ ಪುಸ್ತಕವನ್ನೇ ನಂಬುತ್ತಾರೆ. ಇಗರ್ಜಿಯ ದಾಖಲೆ ಪುಸ್ತಕದ ಒಂದು ಸಾಲಿಗೆ ಎಷ್ಟು ಬೆಲೆಯಿದೆ ಎಂಬುದನ್ನು ನಮ್ಮ ಧರ್ಮಕೇಂದ್ರಗಳ ಕಚೇರಿಗಳಲ್ಲಿ ದುಡಿಯುವವರು ಚೆನ್ನಾಗಿ ಬಲ್ಲರು.

ಮೇರಿ ಬಾಲಕಿಯಾಗಿದ್ದಾಗ, 1845ರಲ್ಲಿ, ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ತಗಲಿತು. ಬಡವರಿಗೆ ಅದೇ ಮುಖ್ಯ ಆಹಾರ. ಮುಂದಿನ ವರ್ಷಗಳ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ದೇಶ ಬಿಟ್ಟರು. ಹ್ಯಾರಿಸ್ ಕುಟುಂಬವೂ ಕೆಲಸ ಹುಡುಕುತ್ತಾ ಕಡಲು ದಾಟಿ ಕೆನಡಾದ ಟೊರೊಂಟೊ ನಗರ ಸೇರಿತು. ಅಲ್ಲಿ ಮೇರಿ ಶಿಕ್ಷಕಿಯಾಗಲು ತರಬೇತಿ ಪಡೆದರು. 1859ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಮನ್ರೋ ಎಂಬಲ್ಲಿ ಧರ್ಮಭಗಿನಿಯರ ಕಾನ್ವೆಂಟ್ ಶಾಲೆಯಲ್ಲಿ ತಿಂಗಳಿಗೆ 8 ಡಾಲರ್ ಸಂಬಳಕ್ಕೆ ಕೆಲಸಕ್ಕೆ ಸೇರಿದರು. ಆ ಕೆಲಸ ಅವರಿಗೆ ಒಗ್ಗಲಿಲ್ಲ. ಮಕ್ಕಳನ್ನು ಗದರಿಸುವುದಕ್ಕಿಂತ ಬಟ್ಟೆ ಹೊಲಿಯುವುದೇ ಲೇಸೆಂದು ಶಿಕಾಗೊ ನಗರಕ್ಕೆ ಹೋದರು. ಅಲ್ಲಿಂದ ಮತ್ತೆ ಶಿಕ್ಷಕಿಯಾಗಿ ಟೆನೆಸ್ಸಿ ರಾಜ್ಯದ ಮೆಂಫಿಸ್‌ಗೆ ಹೋದರು.

ಅವರ ತಮ್ಮ ವಿಲಿಯಂ ಹ್ಯಾರಿಸ್ ಕೆನಡಾದಲ್ಲಿ ಧರ್ಮಗುರುಗಳಾದರು. ಡೀನ್ ಹ್ಯಾರಿಸ್ ಎಂದು ಹೆಸರಾದ ಅವರು ಧರ್ಮಸಭೆಯ ಇತಿಹಾಸದ ಬಗ್ಗೆ ಪುಸ್ತಕಗಳನ್ನು ಬರೆದವರು. ಅಕ್ಕ ಬೀದಿಯಲ್ಲಿ ನಿಂತು ಕಾರ್ಮಿಕರನ್ನು ಸಂಘಟಿಸಿದರೆ ತಮ್ಮ ಬಲಿಪೀಠದ ಬಳಿ ಸೇವೆ ಮಾಡಿದರು. ಇಬ್ಬರ ನಡುವೆ ಹೆಚ್ಚಿನ ಒಡನಾಟವಿದ್ದಂತೆ ಕಾಣುವುದಿಲ್ಲ.

ಮೆಂಫಿಸ್‌ನ ಜ್ವರ, ಶಿಕಾಗೊದ ಬೆಂಕಿ

1861ರಲ್ಲಿ ಮೇರಿ ಮೆಂಫಿಸ್‌ನಲ್ಲಿ ಜಾರ್ಜ್ ಜೋನ್ಸ್ ಎಂಬವರನ್ನು ಮದುವೆಯಾದರು. ಜಾರ್ಜ್ ಕಬ್ಬಿಣ ಎರಕ ಹೊಯ್ಯುವ ಕೆಲಸಗಾರ, ಆ ಕಸುಬಿನವರ ಸಂಘದ ನಿಷ್ಠಾವಂತ ಸದಸ್ಯ. ಕಾರ್ಮಿಕ ಸಂಘವೆಂದರೇನು ಎಂಬುದನ್ನು ಮೇರಿ ಮೊದಲು ಅರಿತದ್ದು ಗಂಡನಿಂದ. ದಂಪತಿಗೆ ನಾಲ್ಕು ಮಕ್ಕಳಾದರು.

1867ರಲ್ಲಿ ಮೆಂಫಿಸ್‌ಗೆ ಹಳದಿ ಜ್ವರ ಬಂತು. ಉಳ್ಳವರು ಊರು ಬಿಟ್ಟರು. ಬಿಡಲಾಗದ ಬಡವರು ಸತ್ತರು. ಜೋನ್ಸ್ ಮನೆಯಲ್ಲಿ ನಾಲ್ಕು ಮಕ್ಕಳು ಒಂದರ ಹಿಂದೊಂದು ತೀರಿಕೊಂಡವು. ಜಾರ್ಜ್ ಕೂಡ ಹೋದರು. ಸುಮಾರು 30 ವಯಸ್ಸಿನ ಮೇರಿ ಒಬ್ಬರೇ ಉಳಿದರು. ಬಳಿಕ ಪರವಾನಗಿ ಪಡೆದು, ಜ್ವರ ಇಳಿಯುವವರೆಗೆ ಬೇರೆಯವರ ಮನೆಗಳಲ್ಲಿ ರೋಗಿಗಳ ಶುಶ್ರೂಷೆ ಮಾಡಿದೆ ಎಂದು 1925ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವರು ಹೇಳಿದ್ದಾರೆ. ಆ ದುಃಖವನ್ನು ಕೆಲವೇ ವಾಕ್ಯಗಳಲ್ಲಿ ಮುಗಿಸುತ್ತಾರೆ. ಮತ್ತೆ ಆ ಬಗ್ಗೆ ಮಾತಿಲ್ಲ.

ಶಿಕಾಗೊಗೆ ಮರಳಿ ಅವರು ಹೊಲಿಗೆ ಅಂಗಡಿ ಹಾಕಿದರು. ಸರೋವರದ ದಡದ ಸಿರಿವಂತರ ಮನೆಗಳಲ್ಲಿ ಕುಳಿತು ಬಟ್ಟೆ ಹೊಲಿಯುವಾಗ, ಕಿಟಕಿಯಾಚೆ ಚಳಿಯಲ್ಲಿ ನಡುಗುತ್ತಾ ಅಲೆಯುವ ನಿರುದ್ಯೋಗಿಗಳು ಕಾಣುತ್ತಿದ್ದರು. ಒಳಗಿದ್ದವರಿಗೆ ಆ ನೋಟ ಕಾಣುತ್ತಲೇ ಇರಲಿಲ್ಲ ಎಂಬುದು ಅವರನ್ನು ಚುಚ್ಚಿತು. 1871ರ ಅಕ್ಟೋಬರ್‌ನಲ್ಲಿ ಶಿಕಾಗೊದ ಮಹಾ ಅಗ್ನಿಕಾಂಡದಲ್ಲಿ ಅಂಗಡಿಯೂ ಸುಟ್ಟುಹೋಯಿತು. ಆಗ ಅವರಿಗೆ ತಲೆಯ ಮೇಲೊಂದು ಸೂರು ಸಿಕ್ಕಿದ್ದು ಹಳೆಯ ಸಂತ ಮೇರಿ ಇಗರ್ಜಿಯಲ್ಲಿ. ನಿರಾಶ್ರಿತರಿಗಾಗಿ ಆ ಇಗರ್ಜಿಯ ಬಾಗಿಲು ತೆರೆದಿದ್ದರು. ಅಲ್ಲಿ ತಂಗಿದ್ದ ದಿನಗಳಲ್ಲೇ ಹತ್ತಿರದ ಸುಟ್ಟ ಕಟ್ಟಡವೊಂದರಲ್ಲಿ ಸೇರುತ್ತಿದ್ದ ‘ನೈಟ್ಸ್ ಆಫ್ ಲೇಬರ್’ ಎಂಬ ಕಾರ್ಮಿಕ ಸಂಘದ ಸಭೆಗಳಿಗೆ ಹೋಗತೊಡಗಿದೆ ಎಂದು ಅವರು ನೆನೆದಿದ್ದಾರೆ. ಇಸವಿಯಲ್ಲಿ ನೆನಪು ತುಸು ತಪ್ಪಿರಬಹುದೆಂದು ಸಂಶೋಧಕರು ಹೇಳುತ್ತಾರೆ. ಆ ಸಂಘದೊಂದಿಗೆ ಅವರಿಗಿದ್ದ ನಂಟು ಮಾತ್ರ ನಿಜ.

ಧರ್ಮಸಭೆ ಮತ್ತು ಕಾರ್ಮಿಕ ಸಂಘ: ಆ ಕಾಲದ ಚರ್ಚೆ

ಇಲ್ಲಿ ಸ್ವಲ್ಪ ನಿಂತು ಆಗಿನ ಧರ್ಮಸಭೆಯ ಪರಿಸ್ಥಿತಿಯನ್ನು ನೋಡಬೇಕು. ನೈಟ್ಸ್ ಆಫ್ ಲೇಬರ್ 1869ರಲ್ಲಿ ಫಿಲಡೆಲ್ಫಿಯದಲ್ಲಿ ಹುಟ್ಟಿತು. ಮಾಲೀಕರ ಭಯದಿಂದ ಮೊದಮೊದಲು ಅದು ಗುಟ್ಟಾಗಿ ನಡೆಯುತ್ತಿತ್ತು. 1879ರಿಂದ 1893ರವರೆಗೆ ಅದರ ಮುಖ್ಯಸ್ಥರಾಗಿದ್ದವರು ಟೆರೆನ್ಸ್ ಪೌಡರ್ಲಿ ಎಂಬ ಕಥೋಲಿಕರು. ಸದಸ್ಯರಲ್ಲೂ ಕಥೋಲಿಕರೇ ಬಹಳ. ಗುಪ್ತ ಸಂಘಗಳ ಬಗ್ಗೆ ಧರ್ಮಸಭೆಗೆ ಮೊದಲಿನಿಂದಲೂ ಶಂಕೆಯಿತ್ತು. ಹಾಗಾಗಿ 1884ರಲ್ಲಿ ಕೆನಡಾದ ಕ್ವಿಬೆಕ್ ಮಹಾಧರ್ಮಾಧ್ಯಕ್ಷ ತಾಷೆರೊ ಅವರ ವಿನಂತಿಯ ಮೇಲೆ ರೋಮ್ ಈ ಸಂಘದ ವಿರುದ್ಧ ತೀರ್ಪು ಕೊಟ್ಟಿತು.

ಅಮೆರಿಕದ ಬಾಲ್ಟಿಮೋರ್‌ನ ಕಾರ್ಡಿನಲ್ ಜೇಮ್ಸ್ ಗಿಬನ್ಸ್ ಇದನ್ನು ಒಪ್ಪಲಿಲ್ಲ. 1887ರಲ್ಲಿ ಅವರು ರೋಮ್‌ಗೆ ವಿವರವಾದ ಮನವಿ ಸಲ್ಲಿಸಿದರು. ಕಾರ್ಮಿಕರ ದೂರುಗಳು ನಿಜವಾದವು, ಅವರು ಸಂಘ ಕಟ್ಟುವುದು ಸಹಜ, ಈ ಸಂಘವನ್ನು ಖಂಡಿಸಿದರೆ ದುಡಿಯುವ ಜನ ಧರ್ಮಸಭೆಯಿಂದಲೇ ದೂರವಾದಾರು ಎಂಬುದು ಅದರ ತಿರುಳು. ಮರುವರ್ಷ ರೋಮ್ ಸಂಘಕ್ಕೆ ಅವಕಾಶ ನೀಡಿತು. 1891ರ ಮೇ 15ರಂದು ಜಗದ್ಗುರು ಹದಿಮೂರನೇ ಲಿಯೋ ಅವರ ‘ರೇರುಮ್ ನೊವಾರುಮ್’ ಎಂಬ ವಿಶ್ವಪತ್ರ ಹೊರಬಂತು. ಅದು ಸಮಾಜವಾದವನ್ನು ತಿರಸ್ಕರಿಸಿತು, ಖಾಸಗಿ ಆಸ್ತಿಯ ಹಕ್ಕನ್ನು ಎತ್ತಿಹಿಡಿಯಿತು. ಹಾಗೆಯೇ ಸಂಸಾರ ಸಾಗುವಷ್ಟು ನ್ಯಾಯವಾದ ಕೂಲಿ ಕಾರ್ಮಿಕನ ಹಕ್ಕು, ಸಂಘ ಕಟ್ಟುವುದೂ ಅವನ ಹಕ್ಕು ಎಂದು ಸಾರಿತು. ಕೂಲಿಯನ್ನು ಹಿಡಿದಿಟ್ಟುಕೊಂಡವರಿಗೆ ಯಕೋಬರ ಪತ್ರದ 5ನೇ ಅಧ್ಯಾಯ ಕೊಡುವ ಎಚ್ಚರಿಕೆಯನ್ನು ಅದು ನೆನಪಿಸಿತು.

ಮೇರಿ ಜೋನ್ಸ್ ಸಾರ್ವಜನಿಕ ಬದುಕಿಗೆ ಬಂದದ್ದು ಈ ಕಾಲದಲ್ಲಿ. ಪೌಡರ್ಲಿ ಅವರ ಆಜೀವ ಸ್ನೇಹಿತರಾದರು. ಮುಂದಿನ ವರ್ಷಗಳಲ್ಲಿ ವಾಷಿಂಗ್ಟನ್‌ಗೆ ಹೋದಾಗ ಪೌಡರ್ಲಿ ಅವರ ಮನೆಯೇ ಇವರ ಬಿಡಾರ.

‘ಮದರ್’ ಆದ ಬಗೆ

1890ರಲ್ಲಿ ‘ಯುನೈಟೆಡ್ ಮೈನ್ ವರ್ಕರ್ಸ್’ ಎಂಬ ಗಣಿ ಕಾರ್ಮಿಕರ ಸಂಘ ಹುಟ್ಟಿತು. ಆ ದಶಕದಲ್ಲೇ ಮೇರಿ ಅದರ ಸಂಘಟಕಿಯಾದರು. 1897ರ ಸುಮಾರಿಗೆ ‘ಮದರ್ ಜೋನ್ಸ್’ ಎಂಬ ಹೆಸರು ನಿಂತಿತು. ಆಗ ಅವರಿಗೆ 60 ವರ್ಷ. ಉದ್ದನೆಯ ಕಪ್ಪು ಉಡುಪು, ಕೊರಳಲ್ಲಿ ಲೇಸು, ಬಿಳಿ ಕೂದಲಿನ ಮೇಲೊಂದು ಹಳೆಯ ಕಾಲದ ಟೋಪಿ. ನೋಡಿದರೆ ಯಾರದೋ ಮನೆಯ ಅಜ್ಜಿ. ವಯಸ್ಸನ್ನು ಕೆಲವು ವರ್ಷ ಏರಿಸಿಯೇ ಹೇಳುತ್ತಿದ್ದರು. ಕಾರ್ಮಿಕರನ್ನು ‘ನನ್ನ ಹುಡುಗರು’ ಎಂದು ಕರೆಯುತ್ತಿದ್ದರು, ಪತ್ರಗಳಿಗೆ ‘ಮದರ್’ ಎಂದೇ ಸಹಿ ಹಾಕುತ್ತಿದ್ದರು.

ಮನೆಯೆಂಬುದು ಅವರಿಗೆ ಇರಲಿಲ್ಲ. ಮುಷ್ಕರ ನಡೆಯುವ ಊರಿನಲ್ಲಿ ಕಾರ್ಮಿಕರ ಗುಡಿಸಲಿನಲ್ಲೋ ಡೇರೆಯಲ್ಲೋ ಮಲಗುತ್ತಿದ್ದರು. ಅಮೆರಿಕದ ಸಂಸತ್ತಿನ ಸಮಿತಿಯೊಂದು ವಿಳಾಸ ಕೇಳಿದಾಗ, ತನ್ನ ವಿಳಾಸ ಪಾದರಕ್ಷೆಯಂತೆ ತನ್ನೊಂದಿಗೇ ಬರುತ್ತದೆ ಎಂಬ ಅರ್ಥದ ಉತ್ತರ ಕೊಟ್ಟರು. ನಾಲ್ಕು ಮಕ್ಕಳನ್ನು ಮಣ್ಣಿಗೆ ಕೊಟ್ಟ ತಾಯಿ ಹೀಗೆ ಸಾವಿರಾರು ಜನರ ತಾಯಿಯಾದರು. ಅದು ಬರೀ ಭಾವನೆಯ ಮಾತಾಗಿರಲಿಲ್ಲ. ತಾಯಿಯೊಬ್ಬಳು ಗದರಿಸಿದರೆ ಗಂಡಸರು ತಲೆ ತಗ್ಗಿಸುತ್ತಾರೆ, ತಾಯಿಯ ಮೇಲೆ ಕೈ ಮಾಡಲು ಪೊಲೀಸರೂ ಹಿಂಜರಿಯುತ್ತಾರೆ ಎಂಬುದನ್ನು ಅವರು ಚೆನ್ನಾಗಿ ತಿಳಿದಿದ್ದರು.

ಕಲ್ಲಿದ್ದಲು ಊರುಗಳ ಬದುಕು

ಅಂದಿನ ಕಲ್ಲಿದ್ದಲು ಊರಿನಲ್ಲಿ ಗಣಿ ಕಂಪನಿಯದು, ಮನೆ ಕಂಪನಿಯದು, ಅಂಗಡಿಯೂ ಕಂಪನಿಯದು. ಎಷ್ಟೋ ಕಡೆ ಕೂಲಿಯನ್ನು ಹಣದ ಬದಲು ಕಂಪನಿಯ ಚೀಟಿಗಳಲ್ಲಿ ಕೊಡುತ್ತಿದ್ದರು. ಆ ಚೀಟಿ ನಡೆಯುವುದು ಕಂಪನಿಯ ಅಂಗಡಿಯಲ್ಲಿ ಮಾತ್ರ, ಅಲ್ಲಿ ಹೇಳಿದ್ದೇ ಬೆಲೆ. ಕೂಲಿ ಟನ್ ಲೆಕ್ಕದಲ್ಲಿ; ತೂಕ ಮಾಡುವವನು ಕಂಪನಿಯ ಮನುಷ್ಯ. ಸಂಘ ಸೇರಿದವನಿಗೆ ಕೆಲಸವಿಲ್ಲ, ಕೆಲಸವಿಲ್ಲದವನಿಗೆ ಮನೆಯಿಲ್ಲ. ಪೆನ್ಸಿಲ್ವೇನಿಯದಲ್ಲಿ ಸಣ್ಣ ಹುಡುಗರು ದಿನವಿಡೀ ಬೆನ್ನು ಬಾಗಿಸಿ ಕುಳಿತು, ಜಾರಿ ಬರುವ ಕಲ್ಲಿದ್ದಲಿನಿಂದ ಕಲ್ಲು ಆರಿಸುತ್ತಿದ್ದರು. ಅವರ ಬೆರಳುಗಳಿಂದ ರಕ್ತ ಬರುತ್ತಿತ್ತು, ಶ್ವಾಸಕೋಶಕ್ಕೆ ದೂಳು ತುಂಬುತ್ತಿತ್ತು.

ಸಾವು ನಿತ್ಯದ ಮಾತಾಗಿತ್ತು. 1907ರ ಡಿಸೆಂಬರ್ 6ರಂದು ವೆಸ್ಟ್ ವರ್ಜೀನಿಯಾದ ಮನೊಂಗಾ ಗಣಿಯಲ್ಲಿ ನಡೆದ ಸ್ಫೋಟದಲ್ಲಿ, ಅಧಿಕೃತ ಲೆಕ್ಕದಂತೆ, 362 ಜನ ಸತ್ತರು. ಅವರಲ್ಲಿ ಬಹಳ ಮಂದಿ ಇಟಲಿ, ಪೋಲೆಂಡ್ ಮೊದಲಾದ ದೇಶಗಳಿಂದ ಹೊಟ್ಟೆಪಾಡಿಗಾಗಿ ಬಂದ ಕಥೋಲಿಕರು.

ಹಿಡಿಸೂಡಿ ಹಿಡಿದ ಮಹಿಳೆಯರು

ಮದರ್ ಜೋನ್ಸ್ ಗಂಡಸರ ಜೊತೆ ಮಾತ್ರ ಮಾತನಾಡಿ ಹಿಂದಿರುಗುತ್ತಿರಲಿಲ್ಲ. ಮುಷ್ಕರ ಸೋಲುವುದು ಅಡುಗೆಮನೆಯಲ್ಲಿ ಎಂಬುದನ್ನು ಅವರು ಕಂಡುಕೊಂಡಿದ್ದರು. ಮನೆಯಲ್ಲಿ ಹಿಟ್ಟು ಮುಗಿದಾಗ ಹೆಂಡತಿ ಧೈರ್ಯಗೆಟ್ಟರೆ ಗಂಡ ಕೆಲಸಕ್ಕೆ ಮರಳುತ್ತಾನೆ. ಆದ್ದರಿಂದ ಅವರು ಹೆಂಗಸರನ್ನೇ ಮುಂದೆ ತಂದರು. ಪೆನ್ಸಿಲ್ವೇನಿಯದ ಆರ್ನಾಟ್‌ನಲ್ಲಿ 1899–1900ರ ದೀರ್ಘ ಮುಷ್ಕರದಲ್ಲಿ, ಗಂಡಸರು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲಿ ಎಂದು ಹೇಳಿ, ಹೆಂಗಸರ ಕೈಗೆ ಹಿಡಿಸೂಡಿ, ನೆಲ ಒರೆಸುವ ಕೋಲು, ತಗಡಿನ ಪಾತ್ರೆಗಳನ್ನು ಕೊಟ್ಟು ಗಣಿಯ ಬಾಗಿಲಿಗೆ ಕಳುಹಿಸಿದರು. ಪಾತ್ರೆಗಳ ಸದ್ದಿಗೆ ಗಣಿಯ ಹೇಸರಗತ್ತೆಗಳು ಬೆದರಿ ಓಡಿದವು. ಮುಷ್ಕರ ಮುರಿಯಲು ಬಂದವರೂ ಹಿಂದೆ ಸರಿದರು. 1900ರ ಆರಂಭದಲ್ಲಿ ಕಾರ್ಮಿಕರು ಗೆದ್ದರು.

1902ರಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ ನ್ಯಾಯಾಲಯದ ತಡೆಯಾಜ್ಞೆ ಮೀರಿ ಭಾಷಣ ಮಾಡಿದ್ದಕ್ಕೆ ಅವರ ಬಂಧನವಾಯಿತು. ವಿಚಾರಣೆಯಲ್ಲಿ ಸರ್ಕಾರಿ ವಕೀಲ ರೀಸ್ ಬ್ಲಿಝರ್ಡ್ ಅವರನ್ನು ‘ಅಮೆರಿಕದ ಅತ್ಯಂತ ಅಪಾಯಕಾರಿ ಮಹಿಳೆ’ ಎಂದು ಕರೆದರು. ನ್ಯಾಯಾಧೀಶರು ಸೆರೆಮನೆಗೆ ಕಳುಹಿಸದೆ ಬಿಟ್ಟರು. ಹೆಸರು ಮಾತ್ರ ಅಂಟಿಕೊಂಡಿತು.

ಗಿರಣಿ ಮಕ್ಕಳ ಪಾದಯಾತ್ರೆ, 1903

1903ರಲ್ಲಿ ಫಿಲಡೆಲ್ಫಿಯದ ಕೆನ್ಸಿಂಗ್ಟನ್ ಭಾಗದ ಬಟ್ಟೆ ಗಿರಣಿಗಳಲ್ಲಿ ಮುಷ್ಕರ ನಡೆಯಿತು. ಸುಮಾರು 75,000 ಕಾರ್ಮಿಕರು ಕೆಲಸ ನಿಲ್ಲಿಸಿದ್ದರು, ಅವರಲ್ಲಿ ಕನಿಷ್ಠ 10,000 ಮಂದಿ ಮಕ್ಕಳು ಎಂದು ಮದರ್ ಜೋನ್ಸ್ ಹೇಳಿದ್ದಾರೆ. ವಾರಕ್ಕೆ 60 ಗಂಟೆಗಳ ಕೆಲಸವನ್ನು 55 ಗಂಟೆಗೆ ಇಳಿಸಬೇಕೆಂಬುದು ಬೇಡಿಕೆ. ಯಂತ್ರಕ್ಕೆ ಸಿಕ್ಕಿ ಬೆರಳು ಕಳೆದುಕೊಂಡ ಮಕ್ಕಳು, ಕೈಯೇ ಹೋದ ಮಕ್ಕಳು ಸಂಘದ ಕಚೇರಿಗೆ ಬರುತ್ತಿದ್ದರು. ಕಾನೂನು ಹೇಳಿದ ವಯಸ್ಸು ತುಂಬದ ಮಕ್ಕಳಿಗೂ ಹೆಚ್ಚಿನ ವಯಸ್ಸು ಬರೆಸಿ ಪೋಷಕರೇ ಗಿರಣಿಗೆ ಕಳುಹಿಸುತ್ತಿದ್ದರು. ಕಳುಹಿಸದಿದ್ದರೆ ಒಲೆ ಉರಿಯುತ್ತಿರಲಿಲ್ಲ.

ಇದನ್ನೇಕೆ ಬರೆಯುವುದಿಲ್ಲ ಎಂದು ಪತ್ರಿಕೆಯವರನ್ನು ಕೇಳಿದಾಗ, ಪತ್ರಿಕೆಗಳಲ್ಲಿ ಗಿರಣಿ ಮಾಲೀಕರ ಪಾಲಿದೆ ಎಂಬ ಉತ್ತರ ಬಂತು. ಅದೇ ಸಮಯದಲ್ಲಿ ಅಮೆರಿಕದ ಸ್ವಾತಂತ್ರ್ಯದ ಗುರುತಾದ ‘ಲಿಬರ್ಟಿ ಬೆಲ್’ ಗಂಟೆಯನ್ನು ಊರೂರಿಗೆ ಕೊಂಡೊಯ್ಯುತ್ತಿದ್ದರು. ನೋಡಲು ಜನ ಮುಗಿಬೀಳುತ್ತಿದ್ದರು. ಗಂಟೆ ಊರೂರಿಗೆ ಹೋಗಬಹುದಾದರೆ ಮಕ್ಕಳೇಕೆ ಹೋಗಬಾರದು ಎಂದು ಮದರ್ ಜೋನ್ಸ್ ಯೋಚಿಸಿದರು. ಜುಲೈ 7ರಂದು ಮಕ್ಕಳನ್ನೂ ದೊಡ್ಡವರನ್ನೂ ಕರೆದುಕೊಂಡು ಫಿಲಡೆಲ್ಫಿಯದಿಂದ ಹೊರಟರು. ಗುರಿ, ನ್ಯೂಯಾರ್ಕ್ ಬಳಿಯ ಆಯ್‌ಸ್ಟರ್ ಬೇಯಲ್ಲಿದ್ದ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ ಅವರ ಬೇಸಗೆ ಮನೆ.

ಬಿಸಿಲಿನಲ್ಲಿ ಮೂರು ವಾರ ಈ ಯಾತ್ರೆ ಸಾಗಿತು. ದಾರಿಯಲ್ಲಿ ರೈತರು ಊಟ ಕೊಟ್ಟರು. ರಾತ್ರಿ ಎಲ್ಲಿ ಜಾಗ ಸಿಕ್ಕಿತೋ ಅಲ್ಲೇ ನಿದ್ದೆ. ದಣಿದ ಮಕ್ಕಳು ಮನೆಗೆ ಮರಳುತ್ತಾ ಗುಂಪು ಸಣ್ಣದಾಯಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಊರಿನಲ್ಲಿ, ಗಿರಣಿಯಲ್ಲಿ ದುಡಿದು ಬೆನ್ನು ಬಾಗಿದ ಹುಡುಗನೊಬ್ಬನನ್ನು ಮುಂದೆ ನಿಲ್ಲಿಸಿ, ಉನ್ನತ ಶಿಕ್ಷಣದ ಬೆಲೆ ತೆರುತ್ತಿರುವವನು ಇವನೆಂದು ತೋರಿಸಿದರು. ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ ಪ್ರಾಣಿ ಪ್ರದರ್ಶನದ ಖಾಲಿ ಬೋನುಗಳಲ್ಲಿ ಮಕ್ಕಳನ್ನು ಕೂರಿಸಿ ಜನರೆದುರು ಮಾತನಾಡಿದರು.

ಕೊನೆಗೆ ಕೆಲವೇ ಹುಡುಗರೊಂದಿಗೆ ಅಧ್ಯಕ್ಷರ ಮನೆ ತಲುಪಿದರು. ಅಧ್ಯಕ್ಷರು ಭೇಟಿ ಕೊಡಲಿಲ್ಲ. ಇದು ರಾಜ್ಯಗಳಿಗೆ ಬಿಟ್ಟ ವಿಷಯವೆಂದು ಅವರ ಕಾರ್ಯದರ್ಶಿಯಿಂದ ಉತ್ತರ ಬಂತು. ಕೆನ್ಸಿಂಗ್ಟನ್ ಮುಷ್ಕರವೂ ಸೋತಿತು. ಆದರೆ ಪತ್ರಿಕೆಗಳು ಮುಚ್ಚಿಟ್ಟದ್ದನ್ನು ಜನ ಕಣ್ಣಾರೆ ಕಂಡಿದ್ದರು. ಬಾಲ ಕಾರ್ಮಿಕರ ಪ್ರಶ್ನೆ ಮತ್ತೆ ಮೂಲೆಗೆ ಸರಿಯಲಿಲ್ಲ. ಆದರೂ ಇಡೀ ಅಮೆರಿಕಕ್ಕೆ ಅನ್ವಯವಾಗಿ ಉಳಿದುಕೊಂಡ ಬಾಲ ಕಾರ್ಮಿಕ ಕಾನೂನು ಬಂದದ್ದು 1938ರಲ್ಲಿ. ಅಷ್ಟರಲ್ಲಿ ಮದರ್ ಜೋನ್ಸ್ ತೀರಿಕೊಂಡು ಎಂಟು ವರ್ಷಗಳಾಗುತ್ತಾ ಬಂದಿದ್ದವು.

ಸೈನಿಕ ನ್ಯಾಯಾಲಯದ ಮುಂದೆ

1912ರ ಏಪ್ರಿಲ್‌ನಲ್ಲಿ ವೆಸ್ಟ್ ವರ್ಜೀನಿಯಾದ ಪೇಂಟ್ ಕ್ರೀಕ್ ಕಣಿವೆಯಲ್ಲಿ ಮುಷ್ಕರ ಆರಂಭವಾಯಿತು. ಪಕ್ಕದ ಕ್ಯಾಬಿನ್ ಕ್ರೀಕ್ ಕಣಿವೆಗೂ ಅದು ಹರಡಿತು. ಕಂಪನಿಗಳು ಕಾರ್ಮಿಕರ ಕುಟುಂಬಗಳನ್ನು ಮನೆಗಳಿಂದ ಹೊರಹಾಕಿದವು. ಅವರು ಡೇರೆಗಳಲ್ಲಿ ಚಳಿಗಾಲ ಕಳೆದರು. ಕಂಪನಿಯ ಬಂದೂಕುಧಾರಿ ಕಾವಲುಗಾರರಿಗೂ ಕಾರ್ಮಿಕರಿಗೂ ಕಾಳಗಗಳಾದವು, ರಾಜ್ಯಪಾಲರು ಸೈನಿಕ ಆಡಳಿತ ಘೋಷಿಸಿದರು. 1913ರ ಫೆಬ್ರವರಿ 7ರ ರಾತ್ರಿ ಉಕ್ಕಿನ ತಗಡು ಹೊದಿಸಿದ ರೈಲೊಂದು ಹಾಲಿ ಗ್ರೋವ್ ಡೇರೆಗಳ ಪಕ್ಕ ಹಾದುಹೋಗುವಾಗ ಒಳಗಿನಿಂದ ಗುಂಡಿನ ಮಳೆ ಸುರಿಯಿತು. ಒಬ್ಬ ಕಾರ್ಮಿಕ ಸತ್ತ.

ಕೆಲವೇ ದಿನಗಳಲ್ಲಿ ಮದರ್ ಜೋನ್ಸ್ ಬಂಧಿತರಾದರು. ಕೊಲೆಯ ಸಂಚಿನ ಆರೋಪ ಹೊರಿಸಿ, 75 ದಾಟಿದ ಅವರನ್ನು ಸೈನಿಕ ನ್ಯಾಯಾಲಯದ ಮುಂದೆ ನಿಲ್ಲಿಸಿದರು. ಆ ನ್ಯಾಯಾಲಯದ ಅಧಿಕಾರವನ್ನೇ ಒಪ್ಪುವುದಿಲ್ಲವೆಂದು ಅವರು ವಾದ ಮಂಡಿಸಲು ನಿರಾಕರಿಸಿದರು. 20 ವರ್ಷಗಳ ಶಿಕ್ಷೆ ಎಂಬ ಸುದ್ದಿ ಹಬ್ಬಿತು. ಪ್ರ್ಯಾಟ್ ಎಂಬ ಊರಿನ ಮನೆಯೊಂದರಲ್ಲಿ ಕಾವಲಿನಲ್ಲಿದ್ದಾಗ ಅವರಿಗೆ ನ್ಯುಮೋನಿಯ ತಗಲಿತು. ಅಲ್ಲಿಂದ ಗುಟ್ಟಾಗಿ ಹೊರಬಂದ ಅವರ ಸಂದೇಶ ಇಂಡಿಯಾನ ರಾಜ್ಯದ ಸೆನೆಟರ್ ಜಾನ್ ಕರ್ನ್ ಅವರನ್ನು ತಲುಪಿತು, ಸೆನೆಟ್ ಸಭೆಯಲ್ಲೇ ಓದಲ್ಪಟ್ಟಿತು. 1913ರ ಮೇ ತಿಂಗಳಲ್ಲಿ ಬಿಡುಗಡೆಯಾಯಿತು. ಆ ಕಣಿವೆಗಳ ಸ್ಥಿತಿಯನ್ನು ಸೆನೆಟ್ ಸಮಿತಿ ತನಿಖೆ ಮಾಡಿತು.

ಕೊಲರಾಡೊ: ಆಸ್ಪತ್ರೆಯ ಸೆರೆ ಮತ್ತು ಲಡ್ಲೋ

ಅದೇ ವರ್ಷ ಕೊಲರಾಡೊ ರಾಜ್ಯದಲ್ಲಿ ರಾಕ್‌ಫೆಲ್ಲರ್ ಕುಟುಂಬದ ಹಿಡಿತದಲ್ಲಿದ್ದ ಗಣಿಗಳಲ್ಲಿ ಮುಷ್ಕರವಾಯಿತು. 1914ರ ಜನವರಿಯಲ್ಲಿ ಮದರ್ ಜೋನ್ಸ್ ಅವರನ್ನು ಬಂಧಿಸಿ ಟ್ರಿನಿಡಾಡ್ ಊರಿನ ಸ್ಯಾನ್ ರಫಾಯೆಲ್ ಆಸ್ಪತ್ರೆಯಲ್ಲಿ ಸುಮಾರು ಒಂಬತ್ತು ವಾರ ಕಾವಲಿನಲ್ಲಿಟ್ಟರು. ಅದು ಕಥೋಲಿಕ ಧರ್ಮಭಗಿನಿಯರು ನಡೆಸುತ್ತಿದ್ದ ಆಸ್ಪತ್ರೆ. ರೋಗಿಗಳ ಆರೈಕೆಗೆಂದು ಕಟ್ಟಿದ ಮನೆ ಸೈನ್ಯದ ಸೆರೆಮನೆಯಾದದ್ದನ್ನು ಅವರು ಎಂದೂ ಮರೆಯಲಿಲ್ಲ. ಇದನ್ನು ಓದುವಾಗ ನಮಗೂ ಮುಜುಗರವಾಗುತ್ತದೆ. ಬಳಿಕ ಮತ್ತೆ ಬಂಧನವಾದಾಗ ವಾಲ್ಸೆನ್‌ಬರ್ಗ್ ಊರಿನ ನ್ಯಾಯಾಲಯದ ನೆಲಮಾಳಿಗೆಯಲ್ಲಿ, ಇಲಿಗಳ ನಡುವೆ, ಮೂರು ವಾರಕ್ಕೂ ಹೆಚ್ಚು ಕಾಲ ಅವರು ಕಳೆಯಬೇಕಾಯಿತು.

1914ರ ಏಪ್ರಿಲ್ 20ರಂದು ಲಡ್ಲೋ ಎಂಬಲ್ಲಿ ಮುಷ್ಕರನಿರತರ ಡೇರೆಗಳ ಮೇಲೆ ಸೈನಿಕರು ಮತ್ತು ಕಂಪನಿಯ ಕಾವಲುಗಾರರು ಗುಂಡು ಹಾರಿಸಿದರು. ಡೇರೆಗಳಿಗೆ ಬೆಂಕಿ ಬಿತ್ತು. ಗುಂಡಿಗೆ ಹೆದರಿ ಡೇರೆಯ ಕೆಳಗಿನ ಗುಂಡಿಯಲ್ಲಿ ಅಡಗಿದ್ದ 2 ಮಹಿಳೆಯರೂ 11 ಮಕ್ಕಳೂ ಉಸಿರುಗಟ್ಟಿ ಸತ್ತರು. ಮದರ್ ಜೋನ್ಸ್ ಊರೂರು ಸುತ್ತಿ ಈ ಸಾವುಗಳನ್ನು ದೇಶದ ಕಿವಿಗೆ ಹಾಕಿದರು. ಸಂಸತ್ತಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. 1915ರಲ್ಲಿ ಕಿರಿಯ ರಾಕ್‌ಫೆಲ್ಲರ್ ಅವರನ್ನು ಭೇಟಿಯಾಗಿ ಮಾತನಾಡಿದರು.

ಕೊನೆಯ ಹೋರಾಟಗಳು

1919ರಲ್ಲಿ ಉಕ್ಕಿನ ಕಾರ್ಮಿಕರು 12 ಗಂಟೆಗಳ ದಿನಗೆಲಸದ ವಿರುದ್ಧ ಮುಷ್ಕರ ಹೂಡಿದಾಗ ಮದರ್ ಜೋನ್ಸ್ ಅವರಿಗೆ 82 ವರ್ಷ. ಪೆನ್ಸಿಲ್ವೇನಿಯದ ಹೋಮ್‌ಸ್ಟೆಡ್‌ನಲ್ಲಿ ಅವರನ್ನು ಬಂಧಿಸಿದರು. ಉಕ್ಕಿನ ಊರುಗಳಲ್ಲಿ ಸಭೆಗೆ ಜಾಗವೇ ಸಿಗದಂತೆ ಮಾಡಿದ್ದರು. ಆಗ ಬ್ರಾಡಕ್ ಊರಿನ ಸಂತ ಮೈಕಲ್ ಇಗರ್ಜಿಯ ಗುರುಗಳಾದ ಫಾದರ್ ಅಡೆಲ್ಬರ್ಟ್ ಕಾಜಿನ್ಸಿ ಅವರು ಮುಷ್ಕರನಿರತರಿಗಾಗಿ ಇಗರ್ಜಿಯ ಬಾಗಿಲನ್ನು ತೆರೆದರು, ಬಹಿರಂಗವಾಗಿ ಅವರ ಪರ ನಿಂತರು. ಮುಷ್ಕರ ಸೋತರೂ ಆ ಗುರುಗಳ ಹೆಸರು ಕಾರ್ಮಿಕರ ಇತಿಹಾಸದಲ್ಲಿ ಉಳಿಯಿತು. ಕೊಲರಾಡೊದ ಆಸ್ಪತ್ರೆ ಮತ್ತು ಬ್ರಾಡಕ್‌ನ ಇಗರ್ಜಿ ಎರಡೂ ನಮ್ಮ ಧರ್ಮಸಭೆಯವೇ.

1921ರ ಆಗಸ್ಟ್‌ನಲ್ಲಿ ವೆಸ್ಟ್ ವರ್ಜೀನಿಯಾದ ಸಾವಿರಾರು ಗಣಿ ಕಾರ್ಮಿಕರು ಶಸ್ತ್ರ ಹಿಡಿದು ಲೋಗನ್ ಜಿಲ್ಲೆಯತ್ತ ಹೊರಟಾಗ ಮದರ್ ಜೋನ್ಸ್ ಅವರನ್ನು ತಡೆಯಲು ಯತ್ನಿಸಿದರು. ಇದು ಸಾವಿನ ದಾರಿಯೆಂದು ಅವರಿಗನಿಸಿತ್ತು. ಅಧ್ಯಕ್ಷ ಹಾರ್ಡಿಂಗ್ ಅವರಿಂದ ತಂತಿ ಬಂದಿದೆ, ಮನೆಗೆ ಮರಳಿ ಎಂದರು. ಸಂಘದ ನಾಯಕರು ವಿಚಾರಿಸಿದಾಗ ಅಂಥ ತಂತಿಯೇ ಇರಲಿಲ್ಲವೆಂದು ತಿಳಿಯಿತು. ಅನೇಕರು ಅವರಲ್ಲಿ ವಿಶ್ವಾಸ ಕಳೆದುಕೊಂಡರು. ಬ್ಲೇರ್ ಬೆಟ್ಟದ ಕಾಳಗ ನಡೆದೇಹೋಯಿತು, ಜೀವಗಳೂ ಹೋದವು. ಅವರ ಭಯ ನಿಜವಾಗಿತ್ತು. ಹೇಳಿದ ಸುಳ್ಳೂ ಸುಳ್ಳೇ ಆಗಿತ್ತು.

ಭಿನ್ನಾಭಿಪ್ರಾಯಗಳು

ಮದರ್ ಜೋನ್ಸ್ ಅವರ ಎಲ್ಲ ನಿಲುವುಗಳನ್ನೂ ನಾವು ಒಪ್ಪಬೇಕಾಗಿಲ್ಲ. ಅವರು ಸಮಾಜವಾದಿ ಪಕ್ಷದ ಪರ ಪ್ರಚಾರ ಮಾಡಿದರು. 1905ರಲ್ಲಿ ಶಿಕಾಗೊದಲ್ಲಿ ಹುಟ್ಟಿದ ‘ಇಂಡಸ್ಟ್ರಿಯಲ್ ವರ್ಕರ್ಸ್ ಆಫ್ ದ ವರ್ಲ್ಡ್’ ಎಂಬ ಉಗ್ರ ಸಂಘದ ಸ್ಥಾಪಕರಲ್ಲಿ ಒಬ್ಬರಾಗಿದ್ದರು, ಮುಂದೆ ಅದರಿಂದ ದೂರ ಸರಿದರು. ಮಹಿಳೆಯರ ಮತದಾನದ ಹಕ್ಕಿಗಾಗಿ ಅವರು ಹೋರಾಡಲಿಲ್ಲ. ಹೊಟ್ಟೆಗಿಲ್ಲದವರಿಗೆ ಮತಕ್ಕಿಂತ ಕೂಲಿ ಮುಖ್ಯವೆಂಬುದು ಅವರ ವಾದ. ಗಂಡನ ದುಡಿಮೆಯಲ್ಲೇ ಸಂಸಾರ ಸಾಗಿ ತಾಯಿ ಮಕ್ಕಳ ಜೊತೆ ಇರುವಂತಾಗಬೇಕೆಂದು ಬಯಸಿದರು. ಆತ್ಮಕಥೆಯಲ್ಲಿ ದಿನಾಂಕಗಳು ತಪ್ಪಿವೆ, ಕೆಲವು ಪ್ರಸಂಗಗಳಿಗೆ ಬಣ್ಣ ಹಚ್ಚಲಾಗಿದೆ. ಆದರೆ ಅವರ ಬಂಧನಗಳು, ಭಾಷಣಗಳು, ಸಾಕ್ಷ್ಯಗಳು ಸರ್ಕಾರಿ ಕಡತಗಳಲ್ಲೂ ಅಂದಿನ ಪತ್ರಿಕೆಗಳಲ್ಲೂ ದಾಖಲಾಗಿವೆ.

ಧರ್ಮಸಭೆಯೊಂದಿಗೂ ಅವರದು ಜಗಳದ ನಂಟು. ಮಾಲೀಕರ ಮರ್ಜಿ ಕಾಯುವ, ಪರಲೋಕದ ಸುಖ ಹೇಳಿ ಇಹದ ಅನ್ಯಾಯಕ್ಕೆ ಸುಮ್ಮನಿರಿಸುವ ಬೋಧಕರನ್ನು ಅವರು ಯಾವ ಸಭೆಯವರೆಂದು ನೋಡದೆ ತರಾಟೆಗೆ ತೆಗೆದುಕೊಂಡರು. ಒಮ್ಮೆ ಸಂಘದವರು ಇಗರ್ಜಿಯಲ್ಲಿ ಸಭೆ ಸೇರಿದ್ದಾಗ, ಇದು ಪ್ರಾರ್ಥನೆಯ ಮನೆ, ವ್ಯವಹಾರದ ಜಾಗವಲ್ಲ ಎಂದು ಎಲ್ಲರನ್ನೂ ಬಯಲಿಗೆ ಕರೆದೊಯ್ದರು. ಸತ್ತವರಿಗಾಗಿ ಪ್ರಾರ್ಥಿಸಬೇಕು, ಆದರೆ ಬದುಕಿರುವವರಿಗಾಗಿ ಹೋರಾಡಬೇಕು ಎಂಬುದು ಅವರ ಹೆಸರಿನಲ್ಲಿ ಇಂದಿಗೂ ನೆನೆಯುವ ಮಾತಿನ ಸಾರ. ಅದರ ಮೊದಲ ಅರ್ಧವನ್ನು ಅವರು ಬಿಟ್ಟುಕೊಡಲಿಲ್ಲ ಎಂಬುದನ್ನು ಗಮನಿಸಬೇಕು.

ಮರಣ ಮತ್ತು ಸಮಾಧಿ

ಕೊನೆಯ ದಿನಗಳನ್ನು ಅವರು ವಾಷಿಂಗ್ಟನ್ ಬಳಿ ಮೇರಿಲ್ಯಾಂಡ್‌ನ ಸ್ನೇಹಿತರ ತೋಟದ ಮನೆಯಲ್ಲಿ ಕಳೆದರು. 1930ರ ಮೇ 1ರಂದು, ಅವರೇ ಹೇಳಿಕೊಂಡ ಲೆಕ್ಕದಂತೆ, ನೂರನೇ ಹುಟ್ಟುಹಬ್ಬ ನಡೆಯಿತು. ಕಿರಿಯ ರಾಕ್‌ಫೆಲ್ಲರ್ ಅವರಿಂದಲೂ ಶುಭಾಶಯದ ತಂತಿ ಬಂತು. ಅದೇ ವರ್ಷ ನವೆಂಬರ್ 30ರಂದು, 93ನೇ ವಯಸ್ಸಿನಲ್ಲಿ, ಅವರು ದೈವಾಧೀನರಾದರು. ವಾಷಿಂಗ್ಟನ್‌ನ ಸಂತ ಗೇಬ್ರಿಯಲ್ ಇಗರ್ಜಿಯಲ್ಲಿ ಮೃತರಿಗಾಗಿ ಅರ್ಪಿಸುವ ಬಲಿಪೂಜೆ ನೆರವೇರಿತು.

ಅಲ್ಲಿಂದ ಶವಪೆಟ್ಟಿಗೆಯನ್ನು ರೈಲಿನಲ್ಲಿ ಇಲಿನಾಯ್ ರಾಜ್ಯದ ಮೌಂಟ್ ಆಲಿವ್ ಎಂಬ ಗಣಿ ಊರಿಗೆ ಕೊಂಡೊಯ್ದರು. 1898ರ ಅಕ್ಟೋಬರ್ 12ರಂದು ಅದೇ ರಾಜ್ಯದ ವರ್ಡೆನ್‌ನಲ್ಲಿ ಕಂಪನಿಯ ಕಾವಲುಗಾರರೊಂದಿಗಿನ ಕಾಳಗದಲ್ಲಿ ಏಳು ಗಣಿ ಕಾರ್ಮಿಕರು ಸತ್ತಿದ್ದರು. ಅವರಲ್ಲಿ ಮೌಂಟ್ ಆಲಿವ್‌ನವರ ಸಮಾಧಿಗೆ ಊರಿನಲ್ಲಿ ವಿರೋಧ ಬಂದಾಗ, ಕಾರ್ಮಿಕ ಸಂಘವೇ ನೆಲ ಕೊಂಡು ಸ್ಮಶಾನ ಮಾಡಿತ್ತು. ಆ ಹುಡುಗರ ಪಕ್ಕದಲ್ಲೇ ತನ್ನನ್ನು ಮಲಗಿಸಬೇಕೆಂದು ಮದರ್ ಜೋನ್ಸ್ ಮೊದಲೇ ಕೇಳಿಕೊಂಡಿದ್ದರು. ಡಿಸೆಂಬರ್ 8ರಂದು, ಅಮಲೋದ್ಭವ ಮಾತೆಯ ಹಬ್ಬದ ದಿನ, ಮೌಂಟ್ ಆಲಿವ್‌ನ ಇಗರ್ಜಿಯಲ್ಲಿ ಅಂತ್ಯವಿಧಿ ನಡೆಯಿತು. ಕಾರ್ಮಿಕರ ಪರ ಹೆಸರಾಗಿದ್ದ ಫಾದರ್ ಜಾನ್ ಮಗ್ವಾಯರ್ ಪ್ರಬೋಧನೆ ನೀಡಿದರು. ಜನ ಸಾವಿರಗಟ್ಟಲೆ ಸೇರಿದ್ದರು. 1936ರಲ್ಲಿ ಕಾರ್ಮಿಕರ ಕಾಣಿಕೆಯಿಂದ ಅಲ್ಲಿ ಗ್ರಾನೈಟ್ ಸ್ಮಾರಕ ಎದ್ದು ನಿಂತಿತು. ಹುಟ್ಟೂರಾದ ಕಾರ್ಕ್‌ನ ಶಾಂಡನ್ ಭಾಗದಲ್ಲಿ 2012ರಲ್ಲಿ ಅವರ ಹೆಸರಿನ ಫಲಕ ಇಡಲಾಯಿತು.

ನಮಗೆ ಏನು?

2025ರ ಮೇ 8ರಂದು ಆಯ್ಕೆಯಾದ ಜಗದ್ಗುರು ಹದಿನಾಲ್ಕನೇ ಲಿಯೋ ಅವರು, ‘ರೇರುಮ್ ನೊವಾರುಮ್’ ನೀಡಿದ ಹದಿಮೂರನೇ ಲಿಯೋ ಅವರನ್ನು ನೆನೆದೇ ತಮ್ಮ ಹೆಸರನ್ನು ಆರಿಸಿಕೊಂಡದ್ದಾಗಿ ಕಾರ್ಡಿನಲರಿಗೆ ತಿಳಿಸಿದರು. ಮದರ್ ಜೋನ್ಸ್ ಎಲ್ಲವನ್ನೂ ಕಳೆದುಕೊಂಡು ಇಗರ್ಜಿಯಲ್ಲಿ ಆಶ್ರಯ ಪಡೆದ ಶಿಕಾಗೊ ನಗರದಲ್ಲೇ ಜಗದ್ಗುರುಗಳು ಹುಟ್ಟಿದ್ದು. ದುಡಿಮೆಯ ಘನತೆಯ ಪ್ರಶ್ನೆ ಹಳೆಯದಾಗಿಲ್ಲ ಎಂಬುದಕ್ಕೆ ಆ ಹೆಸರೇ ಸಾಕ್ಷಿ.

ನಮ್ಮ ಧರ್ಮಕೇಂದ್ರಗಳಲ್ಲಿ ದಾನಧರ್ಮಕ್ಕೆ ಕೊರತೆಯಿಲ್ಲ. ಅಕ್ಕಿ, ಬಟ್ಟೆ, ಔಷಧಿ ಕೊಡುವ ಕೈಗಳಿವೆ. ಅವು ಪುಣ್ಯದ ಕೈಗಳು. ಮದರ್ ಜೋನ್ಸ್ ಕೇಳಿದ್ದು ಅದರ ಮುಂದಿನ ಪ್ರಶ್ನೆಯನ್ನು: ದಿನವಿಡೀ ದುಡಿಯುವವನು ದಾನಕ್ಕೆ ಕೈ ಚಾಚುವ ಸ್ಥಿತಿ ಏಕೆ ಬಂತು? ಬೀಡಿ ಕಟ್ಟುವ ತಾಯಂದಿರು, ಗೇರುಬೀಜದ ಕಾರ್ಖಾನೆಗೆ ಹೋಗುವ ಅಕ್ಕಂದಿರು, ಬೋಟಿನಲ್ಲಿ ದುಡಿಯುವ ಹೊರರಾಜ್ಯದ ಹುಡುಗರು ನಮ್ಮ ನಡುವೆಯೇ ಇದ್ದಾರೆ. ಅವರ ಕೂಲಿ, ಭವಿಷ್ಯನಿಧಿ, ಅಪಘಾತದ ಪರಿಹಾರದ ಮಾತು ನಮ್ಮ ಪಾಲನಾ ಮಂಡಳಿಯ ಸಭೆಗಳಲ್ಲಿ ಬರುತ್ತದೆಯೇ? ನಮ್ಮ ಸಂಸ್ಥೆಗಳಲ್ಲೇ ಕಸ ಗುಡಿಸುವವರಿಗೆ, ಅಡುಗೆ ಮಾಡುವವರಿಗೆ ನಾವು ಕೊಡುವ ಸಂಬಳ ನ್ಯಾಯವಾದದ್ದೇ? ಮೇ 1ರ ಬಲಿಪೂಜೆಗೆ ಮುನ್ನ ಈ ಎರಡು ಪ್ರಶ್ನೆಗಳನ್ನು ಪ್ರತಿ ಧರ್ಮಕೇಂದ್ರವೂ ತನಗೆ ತಾನೇ ಕೇಳಿಕೊಳ್ಳಲಿ ಎಂದು ಆಶಿಸುತ್ತೇವೆ.